ಮಗಳ ಕತ್ತಿನ ಕಪ್ಪು

ಕುರಿಮರಿ ಕೊಳ್ಳುವಾಗ ನಾವು ಅದರ ಮುಖ ನೋಡುವವರಲ್ಲ, ಬೆನ್ನಿನ ಮೇಲೆ ಹೆಬ್ಬೆರಳು ಒತ್ತುತ್ತೇವೆ. ಮೂಳೆ ಚುಚ್ಚಿದರೆ ಸೊರಗಿದ ಮರಿ, ಸಿಗದಿದ್ದರೆ ಮೇದು ಬೆಳೆದದ್ದು. ಮನೆಯ ಮಕ್ಕಳನ್ನು ನಮ್ಮತ್ತೆ ನೋಡುತ್ತಿದ್ದುದೂ ಹಾಗೆಯೇ. ಐದು ವರ್ಷದ ನನ್ನ ಮಗಳು ಜ್ವರದಿಂದ ಎದ್ದಾಗ ಬೆನ್ನು ಒತ್ತಿ, "ಏನವ್ವಾ ಇದು, ಬರೀ ಎಲುಬು! ಹೊಟ್ಟಿಗೆ ಏನರ ಹಾಕ್ತೀಯೋ ಇಲ್ಲೋ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ಶಿರಾಳಕೊಪ್ಪದ ಬಸ್ಸು ಹತ್ತಿದೆ. ಅಂಗಡಿಯವನು ಹಾಲಿಗೆ ಬೆರೆಸುವ ಪುಡಿಯ ಡಬ್ಬಿ ಕೊಟ್ಟ. ಅದರ ಮೇಲೆ ಬಾದಾಮಿ, ಬಿಳಿ ಕೋಟಿನ ಡಾಕ್ಟರು, ಎತ್ತರ ಅಳೆದುಕೊಳ್ಳುವ ಹುಡುಗಿ. 'ಬೆಳೆಯುವ ಮಕ್ಕಳಿಗೆ ಪೂರ್ಣ ಪೋಷಣೆ' ಎಂದು ದೊಡ್ಡ ಕನ್ನಡ ಅಕ್ಷರ. ಹಿಂದೆ ಸಣ್ಣ ಇಂಗ್ಲಿಷಿನಲ್ಲಿ ಇನ್ನೇನೋ ಇತ್ತು. ದಿನಕ್ಕೆ ಎರಡು ಲೋಟ ಎಂದು ಅವನು ಹೇಳಿದರೆ ನಾನು ಮೂರು ಕೊಟ್ಟೆ, ಒಂದೊಂದು ಚಮಚ ಹೆಚ್ಚೇ ಹಾಕಿ. ಜೊತೆಗೆ ಕ್ರೀಮ್ ಬಿಸ್ಕತ್ತು. ರಾಗಿ ಅಂಬಲಿ ನಮಗೆ ಮಾತ್ರ ಉಳಿಯಿತು.

ಎಂಟು ವರ್ಷಕ್ಕೆ ಮಗಳು ಗುಂಡಗಾದಳು. ಅತ್ತೆ ಬೆನ್ನು ಒತ್ತಿ, "ಹಾಂ, ಈಗ ನೋಡು, ಎಲುಬು ಕೈಗೆ ಸಿಗವಲ್ದು!" ಎಂದರು. ನಾನು ಹಿರಿಹಿರಿ ಹಿಗ್ಗಿದೆ. ಓಣಿಯ ಹೆಂಗಸರಿಗೂ ಅದೇ ಡಬ್ಬಿ ತರಿಸಿಕೊಟ್ಟೆ.

ಮರುವರ್ಷ ಅವಳ ಕತ್ತಿನ ಸುತ್ತ ಕಪ್ಪು ಕಟ್ಟಿತು. ಕೊಳೆಯಲ್ಲದೆ ಇನ್ನೇನು? ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ತೆಂಗಿನ ನಾರು ಹಿಡಿದೆ.

"ಅವ್ವಾ, ಉರೀತೈತಿ. ದಿನಾ ತಿಕ್ಕೋತೀನಿ, ಕೊಳಿ ಅಲ್ಲವ್ವಾ ಅದು."

"ಸುಳ್ಳು ಬೇರೆ ಹೇಳ್ತೀಯ, ಸೋಮಾರಿ!" ಎಂದು ತಲೆಗೊಂದು ಮೊಟಕಿದೆ. ಆಮೇಲೆ ಒಂದು ದಿನ ತಿಕ್ಕಿ ತಿಕ್ಕಿ ರಕ್ತವೇ ಬಂತು. ಆ ಗಾಯಕ್ಕೆಂದು ಶಿಕಾರಿಪುರದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

ಅವರು ಕತ್ತು ನೋಡಿದರು, ಮಗಳನ್ನು ತೂಗಿದರು, ರಕ್ತ ಪರೀಕ್ಷೆ ಮಾಡಿಸಿದರು. "ಇದು ಕೊಳೆ ಅಲ್ಲಮ್ಮ. ತೂಕ ಮೀರಿದೆ, ಅದಕ್ಕೇ ಚರ್ಮ ಕಪ್ಪಾಗಿದೆ. ಹೀಗೇ ಬಿಟ್ರೆ ಈ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುತ್ತೆ. ಏನು ಕೊಡ್ತೀರಿ ಇವಳಿಗೆ?"

ಚೀಲದಲ್ಲಿ ಆಗತಾನೇ ಕೊಂಡ ಡಬ್ಬಿಯಿತ್ತು. ಜಂಬದಿಂದಲೇ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ಹಿಂದಿನ ಇಂಗ್ಲಿಷನ್ನು ಓದಿ ಹೇಳಿದರು: ಮೂರನೇ ಒಂದು ಭಾಗ ಸಕ್ಕರೆ.

"ಬಾದಾಮಿ ರೀ?"

"ಚಿತ್ರದಲ್ಲಿದೆಯಲ್ಲ, ಅಷ್ಟೇ."

ಆ ಡಬ್ಬಿ ಮಾಡಿದವರ ಮನೆ ಹಾಳಾಗ! ನನ್ನ ಭಾಷೆಯಲ್ಲಿ ಕರೆದು, ನನಗೆ ಬಾರದ ಭಾಷೆಯಲ್ಲಿ ನಿಜ ಹೇಳಿದ್ದರು. ಕುರಿಗೆ ಹಿಂಡಿ ಕೊಳ್ಳುವಾಗಲೂ ಚೀಲ ಬಿಚ್ಚಿಸಿ ಮೂಸಿ ನೋಡುವವಳು ನಾನು. ಮಗಳಿಗೆ ಕೊಡುವುದನ್ನು ಚಿತ್ರ ನೋಡಿ ತಂದಿದ್ದೆ. ಡಬ್ಬಿಯನ್ನು ನಂಬಿದೆ, ಕೊಳೆಯಲ್ಲ ಎಂದ ಮಗಳನ್ನು ನಂಬಲಿಲ್ಲ. ಬಸ್ಸಿನಲ್ಲಿ ಅವಳ ಮುಖ ನೋಡಲಾಗಲಿಲ್ಲ.

ಸಂಜೆ, ಡಾಕ್ಟರಮ್ಮ ಗಾಯಕ್ಕೆ ಕೊಟ್ಟ ಮುಲಾಮು ಹಚ್ಚೋಣವೆಂದು ಅವಳನ್ನು ಕೂರಿಸಿಕೊಂಡು ಕೂದಲು ಸರಿಸಿದೆ. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿ, ಎರಡೂ ಕೈಯಿಂದ ಕಂಬ ಹಿಡಿದುಕೊಂಡು ತಾನಾಗಿಯೇ ಕತ್ತು ಬಗ್ಗಿಸಿದಳು.

"ಅವ್ವಾ, ಇವತ್ತು ಮೆಲ್ಲಕ ತಿಕ್ಕು."