ಕೈಲೆ ತೆಗೆದ ವೃತ್ತ

ಖರೇ ಹೇಳಿಬಿಡತೇನಿ, ನನಗ ಹೊಟ್ಟಿಕಿಚ್ಚು ಐತ್ರಿ. ಬಿಪಿ ಇಲ್ಲ, ಶುಗರ್ ಇಲ್ಲ, ಐವತ್ತೆಂಟಕ್ಕೂ ಚಷ್ಮಾ ಇಲ್ಲದ ಪೇಪರ್ ಓದತೇನಿ. ಇದೊಂದು ಮಾತ್ರ ಐತಿ. ಹಿರ್ಯಾರು ಆರು ವೈರಿಗಳನ್ನ ಎಣಿಸುವಾಗ ಮತ್ಸರಾನ ಕಡೀಕ ಯಾಕ ಇಟ್ರು ಅಂತ ಭಾಳ ವರ್ಷ ನನಗ ತಿಳಿದಿರಲಿಲ್ಲ. ಈಗ ತಿಳಿದೈತಿ. ಕಾಮ, ಕ್ರೋಧ ಎಲ್ಲಾ ವಯಸ್ಸಾದಂಗ ಒಂದೊಂದಾಗಿ ಊರು ಬಿಟ್ಟು ಹೋಗತಾವು. ಮತ್ಸರ ಮಾತ್ರ ರಿಟೈರ್ ಆಗೂತನಾ ನಮ್ಮ ಜೋಡಿನ ಇರತೈತಿ.

ನಾನು ಧಾರವಾಡದ ಒಂದು ಹೈಸ್ಕೂಲಿನಾಗ ಗಣಿತದ ಮಾಸ್ತರ. ನನ್ನ ಹೊಟ್ಟಿಕಿಚ್ಚಿನ ಹೆಸರು ಸುಮಿತ್ರಾ ಅಕ್ಕೋರು. ಇಬ್ಬರದೂ ಒಂದ ವಯಸ್ಸು, ಇಪ್ಪತ್ತು ವರ್ಷದಿಂದ ಒಂದ ಸಾಲ್ಯಾಗ ಅದೇವಿ. ಒಂಬತ್ತನೇ ಕ್ಲಾಸಿನ ಅ ವಿಭಾಗಕ್ಕ ನಾನು ಗಣಿತ ಹೇಳತೇನಿ, ಬ ವಿಭಾಗಕ್ಕ ಅವರು. ನಡುವ ಒಂದು ಗ್ವಾಡಿ.

ನನ್ನ ಕಡೆ ಒಂದು ವಿದ್ಯಾ ಇತ್ತು. ಕೈವಾರ ಬ್ಯಾಡ, ದಾರ ಬ್ಯಾಡ, ಹಲಗಿ ಮುಂದ ನಿಂತು ಉಸಿರು ಬಿಗಿಹಿಡಿದು ಭುಜದಿಂದ ಕೈಯನ್ನ ಒಂದು ಸುತ್ತ ತಿರುಗಿಸಿದ್ರ ವೃತ್ತ ತಯಾರ್. ಗೆರಿ ಹೊರಟಲ್ಲಿಗೇ ಬಂದು ಕೂಡತಿತ್ತು. ಹುಡುಗ್ರು ಚಪ್ಪಾಳಿ ಹೊಡೀತಿದ್ರು. ಹುಬ್ಬಳ್ಳಿ ಬಸ್ಸಿನಾಗ ಯಾರರೆ ಹಳೇ ವಿದ್ಯಾರ್ಥಿ ಸಿಕ್ಕ್ರ, ವೃತ್ತ ಇನ್ನೂ ಹಂಗ ತೆಗೀತೀರೇನ್ರಿ ಸರ, ಅಂತ ಮೊದಲು ಕೇಳತಾರ. ನಾ ಕಲಿಸಿದ ಪ್ರಮೇಯ ಒಂದೂ ನೆನಪಿರೂದಿಲ್ಲ, ಆ ಮಾತು ಬ್ಯಾರೆ.

ಎರಡು ವರ್ಷದ ಹಿಂದ ಹೆಡ್‌ಮಾಸ್ತರ್ರು ಮೀಟಿಂಗಿನಾಗ ಒಂದು ಸುದ್ದಿ ಹೇಳಿದ್ರು. ಬರೂ ಜೂನಿಗೆ ಎಲ್ಲಾ ಕ್ಲಾಸಿಗೂ ಸ್ಮಾರ್ಟ್ ಬೋರ್ಡ್ ಬರತಾವು, ಎಲ್ಲಾರೂ ಈಗಿಂದನ ತಯಾರಿ ಮಾಡ್ಕೋರಿ ಅಂದ್ರು. ನಾವಿಬ್ಬರೂ ಮಾಡ್ಕೊಂಡ್ವಿ. ಅಕ್ಕೋರು ಆಯಿತವಾರಕ್ಕೊಮ್ಮೆ ಉಣಕಲ್ಲಿನಾಗ ಇರೂ ತಂಗಿ ಮಗಳ ಮನಿಗೆ ಹೋಗಿ ಕಂಪ್ಯೂಟರಿನಾಗ ಅದನ್ನ ಕಲಿತ್ರು. ನಾನು ಪ್ಯಾಟಿಗೆ ಹೋಗಿ ಹನ್ನೆರಡು ಡಬ್ಬಿ ಚಾಕ್‌ಪೀಸ್ ತಂದಿಟ್ನಿ, ಮುಂದ ಸಿಗತಾವೋ ಇಲ್ಲೋ ಅಂತ. ಇವೇನ್ರಿ ಅಂತ ಮನ್ಯಾಕಿ ಕೇಳಿದ್ಲು. ಬದಲಾವಣಿಗೆ ತಯಾರಿ ಅಂದ್ನಿ. ನಗಬ್ಯಾಡ್ರಿ, ಹೊಸಾದು ಬರತೈತಿ ಅಂದ ಕೂಡಲೇ ಹಳೇದನ್ನ ಇನ್ನಷ್ಟು ತುಂಬಿಕೊಂಡು ಕೂಡೂ ಮಂದಿ ನಾ ಒಬ್ಬನ ಅಲ್ಲ.

ಜೂನ್ ಬಂತು, ಬೋರ್ಡೂ ಬಂದವು. ಕರೀ ಹಲಗಿ ಮ್ಯಾಲೇ ಅವನ್ನ ಬಡದ್ರು. ನನಗ ಮೂಲ್ಯಾಗ ಒಂದು ಮೊಳ ಹಲಗಿ ಉಳೀತು. ಅದರಾಗ ವೃತ್ತ ತೆಗೆದ್ರ ಎಷ್ಟು ಆದೀತು? ಒಂದು ರೊಟ್ಟಿಯಷ್ಟು. ಗ್ವಾಡಿ ಆಚೆ ಅಕ್ಕೋರು ಒಂದು ಬೆರಳಿಲೆ ಮುಟ್ಟಿದ್ರ ವೃತ್ತ, ಇನ್ನೊಮ್ಮೆ ಮುಟ್ಟಿದ್ರ ಅದಕ್ಕ ಬಣ್ಣ, ಮತ್ತೊಮ್ಮೆ ಮುಟ್ಟಿದ್ರ ತ್ರಿಜ್ಯ, ವ್ಯಾಸ ಎಲ್ಲಾ ತಾವ ಎದ್ದು ಬರತಿದ್ವು. ಅಲ್ಲಿ ಹುಡುಗ್ರು ಹೋ ಅಂದಾಗೆಲ್ಲಾ ಇಲ್ಲಿ ನನ್ನ ಹುಡುಗ್ರ ಕಿವಿ ಗ್ವಾಡಿ ಕಡೆ. ನನ್ನ ಹೊಟ್ಟಿ ಉರಿಯಾಕ ಹತ್ತತಿತ್ತು. ಅಕ್ಕೋರು ಪಾಠ ಹೇಳಾಕತ್ತಾರೋ ಸಿನಿಮಾ ತೋರಸಾಕತ್ತಾರೋ ಅಂತ ಸ್ಟಾಫ್ ರೂಮಿನಾಗ ಅವರ ಬೆನ್ನ ಹಿಂದ ಆಡಿದ್ನಿ. ಕರೆಂಟ್ ಹೋಗಲಿ ಅಂತ ಕಾದ್ನಿ. ಒಂದಿನ ಹೋತು. ಖುಷಿಲೆ ಇಣುಕಿ ನೋಡಿದ್ರ, ಕ್ಲಾಸ್ ಖಾಲಿ. ಅಕ್ಕೋರು ಹುಡುಗ್ರನ್ನ ಮೈದಾನಕ್ಕ ಕರಕೊಂಡು ಹೋಗಿ, ಹಗ್ಗ ಹಿಡಿಸಿ, ಮಣ್ಣಿನ ಮ್ಯಾಲ ವೃತ್ತ ತೆಗೆಸಾಕತ್ತಿದ್ರು. ಪುಣ್ಯಾತ್ಗಿತ್ತಿ ಅದಕ್ಕೂ ತಯಾರಾಗೇ ಇದ್ರು.

ದೀಪಾವಳಿ ಆದ ಮ್ಯಾಲ ಹೆಡ್‌ಮಾಸ್ತರ್ರು ನನ್ನನ್ನ ಒಳಗ ಕರದ್ರು. ಬೋರ್ಡ್ ನಿಮಗ ಒಗ್ಗವಲ್ದು, ಬರೂ ವರ್ಷದಿಂದ ಎರಡೂ ವಿಭಾಗಕ್ಕ ಅಕ್ಕೋರೇ ಗಣಿತ ಹೇಳಲಿ, ನೀವು ಗ್ರಂಥಾಲಯ ನೋಡ್ಕೋರಿ, ಆರಾಮ ಆಗತೈತಿ ಅಂದ್ರು. ಮೂವತ್ತು ವರ್ಷ ಗಣಿತ ಹೇಳಿದವ ಕಡೀಗೆ ಕಪಾಟಿನ ಕೀಲಿ ಕಾಯಬೇಕಂದ್ರ ಹೆಂಗ್ರಿ? ನನಗ ಎರಡು ದಿನ ಊಟ ಸೇರಲಿಲ್ಲ.

ಮೂರನೇ ದಿನ ಸಾಲಿ ಬಿಟ್ಟ ಮ್ಯಾಲ, ಮರ್ಯಾದಿ ನುಂಗಿಕೊಂಡು ಅಕ್ಕೋರ ಕ್ಲಾಸಿಗೆ ಹೋಗಿ, ನನಗೂ ಒಂದೀಟು ಕಲಸ್ರಿ ಅಂದ್ನಿ. ಅವರು ನಗಲಿಲ್ಲ, ಈಗ ಬಂದ್ರೇನು ಅಂತ ಚುಚ್ಚಲಿಲ್ಲ. ಬೋರ್ಡ್ ಚಾಲೂ ಮಾಡಿ ಪೆನ್ ಕೈಗೆ ಕೊಟ್ಟು, ಮೊದಲು ನಿಮ್ಮ ವೃತ್ತ ತೆಗೀರಿ ಅಂದ್ರು. ತೆಗೆದ್ನಿ. ಪೆನ್ ಎತ್ತಿದ ಕೂಡಲೇ ನನ್ನ ಗೆರಿ ಎಡಕ್ಕ ಸ್ವಲ್ಪ ಹೊರಗ ಸರಿದು, ದುಂಡಗಾಗಿ ಕೂತಿತು. ಕೈಲೆ ತೆಗೆದದ್ದನ್ನ ಬೋರ್ಡ್ ತಾನ ತಿದ್ದತೈತಂತ. ಮತ್ತೊಮ್ಮೆ ತೆಗೆದ್ನಿ. ಮತ್ತೂ ಎಡಕ್ಕೇ ಸರೀತು. ಐದು ಸಲ ತೆಗೆದ್ರೂ ಅದ ಜಾಗಾದಾಗ ತಿದ್ದೂದು. ಅಂದ್ರ ಮೂವತ್ತು ವರ್ಷ ನನ್ನ ವೃತ್ತ ಎಡಕ್ಕ ಚಪ್ಪಟಿ ಇತ್ತು.

"ಅಕ್ಕೋರ, ಇದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ ಸರ," ಅಂದ್ರು. "ನಾ ಬಂದ ವರ್ಷದಿಂದ. ಹುಡುಗ್ರಿಗೂ ಗೊತ್ತಿತ್ತು."

"ಮತ್ತ ಯಾರೂ ಹೇಳಲಿಲ್ಲಲ್ರಿ?"

"ನೀವು ಅಷ್ಟು ಖುಷಿಲೆ ತೆಗೀತಿದ್ರಿ."

ಆವತ್ತು ಮತ್ತ ಪೆನ್ ಹಿಡಕೊಂಡು ಪಾಠ ಕಲಿತ್ನಿ.

ಮೂರು ತಿಂಗಳಿನಾಗ ಕೈ ಕೂತಿತು, ಗ್ರಂಥಾಲಯದ ಮಾತು ಹಿಂದ ಸರೀತು. ಈಗ ನಾನು ಬೋರ್ಡ್ ತಿದ್ದೂದನ್ನ ಬಂದ್ ಮಾಡಿ, ಹುಡುಗ್ರ ಮುಂದ ಕೈಲೆ ವೃತ್ತ ತೆಗೆದು, ತಪ್ಪು ಹುಡುಕ್ರಿ ಅಂತೇನಿ. ಕೇಂದ್ರದಿಂದ ಎಲ್ಲಾ ಕಡೆ ಒಂದ ದೂರ ಇರಬೇಕಲ್ಲ, ಅಳತಿಪಟ್ಟಿ ಹಿಡಕೊಂಡು ಮುಗಿಬೀಳತಾರ. ಮಾಸ್ತರರ ತಪ್ಪು ಅಳೆಯೂದಂದ್ರ ಯಾರಿಗೆ ಬ್ಯಾಡ? ತ್ರಿಜ್ಯ ಅಂದ್ರೇನು ಅನ್ನೂದು ಇಷ್ಟು ಲಗೂ ಯಾವ ಬ್ಯಾಚಿಗೂ ತಿಳಿದಿರಲಿಲ್ಲ.

ಹೊಟ್ಟಿಕಿಚ್ಚು ಹೋತೇನು ಅಂತ ಮಾತ್ರ ಕೇಳಬ್ಯಾಡ್ರಿ. ಬೋರ್ಡಿಂದು ಹೋತು, ಬ್ಯಾರೇದು ಹತ್ತೈತಿ. ನಾನು ಸ್ಟಾಫ್ ರೂಮಿನಾಗ ಅಷ್ಟೆಲ್ಲಾ ಆಡುವಾಗ, ಒಂದ ಮಾತಿನಾಗ ನನ್ನ ಬಾಯಿ ಮುಚ್ಚಸೂ ಗುಟ್ಟು ಅವರ ಕಡೆ ಇತ್ತು. ಆಡಲಿಲ್ಲ. ಇಪ್ಪತ್ತು ವರ್ಷ ಆಡಲಿಲ್ಲ. ಅವರ ಜಾಗಾದಾಗ ನಾನಿದ್ದಿದ್ರ ಮರುದಿನ ಚಹಾದ ಹೊತ್ತಿಗೆ ಊರಿಗೆಲ್ಲಾ ಹೇಳಿ ಮುಗಿಸಿರತಿದ್ನಿ. ಬೋರ್ಡಿನ ವಿದ್ಯಾ ಮೂರು ತಿಂಗಳಿಗೆ ಬಂತು. ಈ ವಿದ್ಯಾಕ್ಕ ಉಳಿದ ಎರಡು ವರ್ಷ ಸಾಲೂವಂಗ ಕಾಣೂದಿಲ್ಲ.

ಆದ್ರೂ ಶುರು ಮಾಡೇನಿ. ಇವತ್ತು ಮುಂಜಾನೆ ಪ್ರಾರ್ಥನಿ ಹೊತ್ತಿನಾಗ ಹೆಡ್‌ಮಾಸ್ತರ್ರು ಕಣ್ಣು ಮುಚ್ಚಿಕೊಂಡು, ಮೈಮರೆತು, ಪೂರ್ತಿ ಅಪಸ್ವರದಾಗ ಹಾಡಿದ್ರು. ಧಾರವಾಡದಾಗ ಹುಟ್ಟಿ ಬೆಳೆದವನಿಗೆ ಅದನ್ನ ಕೇಳಿ ಸುಮ್ನ ನಿಂದರೂದು ಭಾಳ ಕಷ್ಟ ಐತ್ರಿ. ನಿಂತ್ನಿ.