ದಾಸವಾಳ ವಾಪಸ್ ಬಂದ ದಿನ

ವಿಜಯನಗರದಿಂದ ಅತ್ತಿಗುಪ್ಪೆ ಕಡೆಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಯಾರಿಗೆ ಯಾವುದು ಬೇಕೋ ಅದನ್ನು ಕನ್ನಡದಲ್ಲಿ ಟೈಪು ಮಾಡಿ, ಅಂದವಾಗಿ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನಮ್ಮ ಕಸುಬು. ಟೈಪು ಮಾಡುವವರು ನನ್ನ ಗಂಡ, ಪ್ರೂಫ್ ನೋಡುವವಳು ನಾನು. "ಲೇ, ಪ್ರೂಫ್ ನೋಡು ಬಾರೆ" ಅಂತ ಅವರು ಕೂಗಿದರೆ ಎಲ್ಲಿದ್ದರೂ ಬಂದು ಅವರ ಬೆನ್ನ ಹಿಂದೆ ನಿಲ್ಲಬೇಕು. ಹೆಸರು ಹಿಡಿದು ಕರೆದವರಲ್ಲ ಅವರು. ಅದಕ್ಕೆ ನಾನು ಗೊಣಗುತ್ತಿದ್ದದ್ದೂ ಉಂಟು.

ತಿಥಿ ಕಾರ್ಡಿಗೆ ಬಂದವರ ವಿಷಯದಲ್ಲಿ ಮಾತ್ರ ಅವರದೊಂದು ಪದ್ಧತಿ ಇತ್ತು. ಬಂದವರ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಎದ್ದು ತಮ್ಮ ಕುರ್ಚಿ ಕೊಡುತ್ತಿದ್ದರು, ಒಂದು ಲೋಟ ನೀರು ಕೊಡುತ್ತಿದ್ದರು. ತಾವು ಸ್ಟೂಲ್ ಎಳೆದುಕೊಂಡು ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಕೀಬೋರ್ಡ್ ಮೇಲೆ ಕೈಯಿದ್ದರೆ ಬೇಗ ಹೇಳಿ ಮುಗಿಸಿ ಅಂದ ಹಾಗಾಗುತ್ತೆ ಅನ್ನುವುದು ಅವರ ವಾದ. ಹೆಂಗಸರಾದರೆ ಮೊದಲು ಹಣೆ ನೋಡುತ್ತಿದ್ದರು. ಕುಂಕುಮ ಇದ್ದರೆ ತಂದೆಯವರಾ ತಾಯಿಯವರಾ ಅಂತ ಮೆಲ್ಲಗೆ ಕೇಳುವುದು, ಇಲ್ಲದಿದ್ದರೆ ಏನನ್ನೂ ಕೇಳದೆ ಅವರಾಗಿಯೇ ಹೇಳುವವರೆಗೆ ಸುಮ್ಮನಿರುವುದು. ಮನೆಯಲ್ಲಿ ನನಗೆ ಒಂದು ದಿನವೂ ಕುರ್ಚಿ ಎಳೆದುಕೊಡದ ಮನುಷ್ಯ, ಅಂಗಡಿಯಲ್ಲಿ ಇಷ್ಟು ನಯವಾಗಿರುತ್ತಾರಲ್ಲ ಅಂತ ನಾನು ರೇಗಿಸುತ್ತಿದ್ದೆ.

ಆಮೇಲೆ ಅವರಿಗೆ ಮರೆವು ಶುರುವಾಯಿತು. ವಯಸ್ಸಿನ ಮರೆವಲ್ಲ, ಕಾಯಿಲೆಯ ಮರೆವು. ಕಾಫಿ ಕುಡಿದ ಲೋಟ ಕೈಯಲ್ಲಿರುವಾಗಲೇ ಕಾಫಿ ಕೇಳುವರು. ಬಚ್ಚಲಿಗೆ ಹೋಗಲು ಎದ್ದವರು ಬೀದಿ ಬಾಗಿಲ ಚಿಲಕ ಹುಡುಕುವರು. ಅಂಗಡಿಯಲ್ಲಿ ಮಾತ್ರ ಕಾಯಿಲೆ ಹೊಸ್ತಿಲಾಚೆ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ತುಂಬ ಅವರೇ ಹಾಕಿಟ್ಟಿದ್ದ ಕೆಂಪು ದಾಸವಾಳದ ಚಿತ್ರ. ಎಡಮೂಲೆಯಲ್ಲಿ ಅವರ ಹಳೇ ಕನ್ನಡ ಸಾಫ್ಟ್‌ವೇರ್. ಕೀಲಿಗಳ ಮೇಲಿನ ಅಕ್ಷರ ಸವೆದುಹೋಗಿ ಎಷ್ಟೋ ಕಾಲವಾಗಿತ್ತು, ಬೆರಳುಗಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅಭ್ಯಾಸದ ಕೆಲಸ ಬಿಡಿಸಬೇಡಿ ಅಂತ ಡಾಕ್ಟರೂ ಹೇಳಿದ್ದರು. ದಿನಕ್ಕೊಂದು ಕಾರ್ಡು ಮಾಡಿದರೂ ಸಾಕಿತ್ತು ನನಗೆ. ಅಷ್ಟು ಹೊತ್ತು ನನ್ನ ಗಂಡ ನನ್ನ ಗಂಡನಾಗಿಯೇ ಇರುತ್ತಿದ್ದರು, ಲೇ ಅಂತ ಕೂಗುತ್ತಿದ್ದರು.

ಹೀಗಿರುವಾಗ ಆ ಕಂಪ್ಯೂಟರ್ ದಿನಾ ಬೆಳಿಗ್ಗೆ ಅಪ್‌ಗ್ರೇಡ್ ಮಾಡಿ, ಅಪ್‌ಗ್ರೇಡ್ ಮಾಡಿ ಅಂತ ಪೀಡಿಸಲು ಶುರುಮಾಡಿತು. ಧೂಳು ತೆಗೆಯಲು ಬಂದ ಸರ್ವೀಸಿನವರು, ಮಾಡಿಸಿಬಿಡಿ ಆಂಟಿ, ಹಳೇದು ಸೇಫ್ ಅಲ್ಲ ಅಂದರು. ಪ್ರೆಸ್ಸಿನವರು ಕಳಿಸುವ ಫೈಲುಗಳೂ ಕೆಲವು ತೆರೆಯುತ್ತಿರಲಿಲ್ಲ. ಸರಿ, ಮಾಡಿ ಅಂದೆ. ಇವರು ಅವತ್ತು ಜ್ವರವೆಂದು ಮನೆಯಲ್ಲಿದ್ದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಜ್ವರ ಇಳಿದು ಬಂದು ಕೂತರು. ಪರದೆಯಲ್ಲಿ ದಾಸವಾಳವಿಲ್ಲ, ಯಾವುದೋ ನೀಲಿ. ಎಡಮೂಲೆಯಲ್ಲಿದ್ದದ್ದು ನಡುವಿಗೆ ಬಂದಿದೆ. ಅವರ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ನಾನು ಬೇರೆ ದಾರಿಯಿಂದ ಒಂದು ಹಳೇ ಕಾರ್ಡು ತೆರೆದು ತೋರಿಸಿದರೆ ಅಲ್ಲಿ ಕನ್ನಡವೇ ಇಲ್ಲ, ಬರೀ ಚೌಕಗಳು, ಅರ್ಥವಿಲ್ಲದ ಗುರುತುಗಳು. ಅವರು ಮೌಸ್ ಹಿಡಿದುಕೊಂಡು ತುಂಬ ಹೊತ್ತು ಆ ಮೂಲೆಯನ್ನೇ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. "ಇದು ನಮ್ಮ ಅಂಗಡಿ ಅಲ್ಲ ಕಣೇ. ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ. ನಡಿ, ಹೋಗೋಣ."

ಮಾರನೆಯ ದಿನ ಅಂಗಡಿಗೆ ಹೊರಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮನೆಯಲ್ಲೇ ಕೂತು ಮನೆಗೆ ಹೋಗೋಣ ಅನ್ನುತ್ತಿದ್ದರು. ಬಡಿಸಿದ ಸಾರನ್ನದ ಮುಂದೆ ಕೈ ಕಟ್ಟಿಕೊಂಡು, ಬೇರೆಯವರ ಮನೆಗೆ ಊಟಕ್ಕೆ ಬಂದವರ ಹಾಗೆ ಸಂಕೋಚದಿಂದ ಇರುತ್ತಿದ್ದರು. ಸರ್ವೀಸಿನವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವರದೇನು ತಪ್ಪು. ಕೆಂಗೇರಿಯಲ್ಲಿ ಕೆಲಸದ ಮೇಲಿದ್ದರಂತೆ, ಮುಗಿಸಿಕೊಂಡು ಬಂದೇ ಬರುತ್ತೇನೆ ಅಂದರು.

ಬಂದು ಕೂತು ವಿವರಿಸಿದರು. ಹೊಸದು ಬಂದ ಮೇಲೂ ಕೆಲವು ದಿನ ಹಳೆಯದನ್ನು ಮಿಷಿನ್ನು ತನ್ನೊಳಗೇ ಒಂದು ಕಡೆ ಎತ್ತಿಟ್ಟಿರುತ್ತದೆ, ಅಷ್ಟರೊಳಗೆ ಹೇಳಿದರೆ ತಾನೇ ಹಿಂದಕ್ಕೆ ಹೋಗುತ್ತದೆ, ಆಮೇಲಾದರೆ ಅಳಿಸಿಬಿಡುತ್ತದೆ. ನಮ್ಮ ಪುಣ್ಯಕ್ಕೆ ಇನ್ನೂ ಅಳಿಸಿರಲಿಲ್ಲ. ಯಾಕೆ ವಾಪಸ್ ಹೋಗುತ್ತೀರಿ ಅಂತ ಆ ಕಂಪ್ಯೂಟರ್ ಒಂದು ಪ್ರಶ್ನೆ ಬೇರೆ ಕೇಳಿತು. ಸರ್ವೀಸಿನವರು ಯಾವುದೋ ಒಂದು ಉತ್ತರ ಒತ್ತಿದರು. ಪರದೆ ಕಪ್ಪಾಗಿ ನಡುವೆ ಒಂದು ಚಕ್ರ ತಿರುಗತೊಡಗಿತು. ಹರಕೆ ಹೊತ್ತವಳ ಹಾಗೆ ಅದನ್ನೇ ನೋಡುತ್ತ ನಿಂತೆ. ದಾಸವಾಳ ಬಂತು. ಎಡಮೂಲೆಗೆ ಎಲ್ಲ ಬಂತು. ಹಳೇ ಕಾರ್ಡು ತೆರೆದರೆ ಒತ್ತು, ದೀರ್ಘ ಸಮೇತ ಕನ್ನಡ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪಾ ಅಂದೆ.

ಮರುದಿನ ಬೆಳಿಗ್ಗೆ ಇವರಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಪುಸಲಾಯಿಸಿ ಕರೆದುಕೊಂಡು ಹೋದೆ. ಹೊಸ್ತಿಲಲ್ಲಿ ತಡೆದು ನಿಂತರು. ಪರದೆ ಕಂಡಿತು. ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ಕನ್ನಡಕ ಸರಿಮಾಡಿಕೊಂಡರು, ಕೈ ತಾನಾಗಿಯೇ ಎಡಮೂಲೆಗೆ ಹೋಯಿತು. ಸವೆದ ಕೀಲಿಗಳ ಮೇಲೆ ಬೆರಳುಗಳು ಓಡಿದವು. ಕಾರ್ಡಿನ ತಲೆಯ ಮೇಲೆ ಬರುವ ದೇವರ ಸಾಲನ್ನು ಟೈಪು ಮಾಡಿದರು, ಅದನ್ನು ಸರಿಯಾಗಿ ಮಧ್ಯಕ್ಕೆ ತಂದರು. ಒಂದೂ ತಪ್ಪಿಲ್ಲ. ಇನ್ನೇನು, ಕೂಗುತ್ತಾರೆ ಅಂತ ನಾನು ಬಾಗಿಲ ಹತ್ತಿರ ನಿಂತು ಕಾದೆ. ಎಂದೂ ಇಲ್ಲದ ಆಸೆಯಿಂದ ಕಾದೆ. ಕಣ್ಣಲ್ಲಿ ನೀರು ಬರುತ್ತಿದ್ದದ್ದು ನನಗೇ ಗೊತ್ತಾಗಲಿಲ್ಲ.

ಅವರು ತಿರುಗಿ ನೋಡಿದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ನಿಂತರು.

"ಬನ್ನಿ ಅಮ್ಮಾ, ಇಲ್ಲಿ ಕೂತ್ಕೊಳ್ಳಿ" ಅಂದರು.

ತಮ್ಮ ಕುರ್ಚಿ ನನ್ನ ಕಡೆಗೆ ಎಳೆದುಕೊಟ್ಟರು. ನಾನು ಕೂತೆ. ಹೂಜಿ ಎಲ್ಲಿದೆ ಅಂತ ಅವರು ಹುಡುಕಲಿಲ್ಲ, ನೇರ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟರು. ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಹಣೆ ನೋಡಿದರು. ಬೆಳಿಗ್ಗೆ ಅವರೆದುರೇ ಇಟ್ಟುಕೊಂಡ ಕುಂಕುಮ ಇತ್ತು.

"ತಂದೆಯವರಾ ಅಮ್ಮಾ, ತಾಯಿಯವರಾ?"

ಲೋಟ ಕೆಳಗಿಟ್ಟೆ. ಇಬ್ಬರೂ ಅಲ್ಲ ಅಂದೆ.

ಮತ್ತೆ ಯಾರು ಅಂತ ಅವರು ಕೇಳಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನಾನಾಗಿಯೇ ಹೇಳಲಿ ಅಂತ ಕಾಯುತ್ತಾ ಕೂತರು.