ನಿಧಾನವಾದ ಕೊನೆಯ ಮಾತು

ಚಳ್ಳಕೆರೆಯ ನಮ್ಮ ಮೊಬೈಲ್ ಅಂಗಡಿಗೆ ಮೊಳಕಾಲ್ಮೂರಿನ ನೇಕಾರರೊಬ್ಬರು ಬಂದರು. ತೀರಿಹೋದ ಹೆಂಡತಿ ಆಸ್ಪತ್ರೆಯಿಂದ ಕಳಿಸಿದ್ದ ವಾಯ್ಸ್ ಮೆಸೇಜು ಅವರ ಫೋನಿನಲ್ಲಿತ್ತು. ಆಕೆಯದು ಪಟಪಟ ಮಾತು. ಕೊನೆಗೆ ಏನಂದಳೆಂದು ಇವರಿಗೆ ಇನ್ನೂ ತಿಳಿದಿರಲಿಲ್ಲ.

“ನಿಧಾನ ಮಾಡ್ರಿ. ಆದ್ರೆ ಹಳೇ ಟೇಪಿನಂಗೆ ಧ್ವನಿ ದಪ್ಪ ಆಗಬಾರ್ದು. ಅವಳ ಧ್ವನಿನೇ ಬೇಕು.”

“ಈಗ ಹಂಗಾಗಲ್ಲ, ಯಜಮಾನ್ರೆ,” ಎಂದು ವೇಗವನ್ನು ಅರ್ಧಕ್ಕಿಳಿಸಿ, ಸ್ಪೀಕರಿನಲ್ಲಿ ಹಾಕಿದೆ. ಧ್ವನಿ ಬದಲಾಗಲಿಲ್ಲ, ಮಾತು ಬಿಡಿಬಿಡಿಯಾಗಿ ಕೇಳಿಸಿತು.

“ಮಗ್ಗದ ಮೇಲೆ ಬಟ್ಟೆ ಮುಚ್ಚಿದ್ಯೋ ಇಲ್ವೋ? ನಿಂಗೆ ಎಷ್ಟು ಸಲ ಹೇಳ್ಬೇಕು?”

ಅವರು ಫೋನನ್ನೇ ನೋಡುತ್ತ ನಿಂತರು. ಕಣ್ಣು ತುಂಬಿತ್ತು. “ಹೋಗೋವಾಗ್ಲೂ ಬೈದೇ ಹೋಗ್ಯಾಳೆ,” ಎಂದರು.

ವೇಗವನ್ನು ಮೊದಲಿನಂತೆ ಮಾಡಲೇ ಎಂದು ಕೇಳಿದೆ.

“ಬ್ಯಾಡ್ರಿ,” ಎಂದರು. “ನಿಧಾನಕ್ಕೇ ಬೈಲಿ.”